ಟಾಮ್‌ಕ್ಯಾಟ್ ಓಡುತ್ತದೆ, ಜಿಯೋಸರ್ವರ್ ಏಳುವುದಿಲ್ಲ

ಪ್ರಶ್ನೆ: ನಾನು ಯಾದಗಿರಿಯ ಪದವಿ ಕಾಲೇಜೊಂದರಲ್ಲಿ ಭೂಗೋಳ ಬೋಧಿಸುತ್ತೇನೆ. ವಿದ್ಯಾರ್ಥಿಗಳೊಡನೆ ಸೇರಿ ಜಿಲ್ಲೆಯ ಗ್ರಾಮಗಳ ಗಡಿ ಮತ್ತು ಕೆರೆಗಳ ಶೇಪ್‌ಫೈಲ್‌ಗಳನ್ನು (ನಕ್ಷೆಯ ದತ್ತಾಂಶದ ಫೈಲುಗಳನ್ನು) ಸಿದ್ಧಪಡಿಸಿದ್ದೇನೆ. ಅವನ್ನು ಪ್ರಯೋಗಾಲಯದ ಎಲ್ಲ ಕಂಪ್ಯೂಟರ್‌ಗಳಲ್ಲಿಯೂ ಬ್ರೌಸರ್ ಮೂಲಕ ತೋರಿಸಬೇಕೆಂದು, ನಕ್ಷೆಗಳನ್ನು ಜಾಲದ ಮೂಲಕ ಒದಗಿಸುವ ಜಿಯೋಸರ್ವರ್ ಎಂಬ ತಂತ್ರಾಂಶವನ್ನು ಹಾಕಲು ಹೊರಟೆ. 8 ಜಿಬಿ ಮೆಮೊರಿಯ, ಉಬುಂಟು 24.04 ಇರುವ ಯಂತ್ರದಲ್ಲಿ ಉಬುಂಟುವಿನದೇ ಆದ ಎಪಿಟಿ ಎಂಬ ಅನುಸ್ಥಾಪನಾ ಉಪಕರಣದ ಮೂಲಕ, ಜಾವಾ ವೆಬ್ ತಂತ್ರಾಂಶಗಳನ್ನು ಓಡಿಸುವ ಟಾಮ್‌ಕ್ಯಾಟ್ ಎಂಬ ಸರ್ವರನ್ನು ಹಾಕಿ, ಜಿಯೋಸರ್ವರ್‌ನ ವಾರ್ ಫೈಲನ್ನು (ಇಡೀ ತಂತ್ರಾಂಶದ ಕಟ್ಟನ್ನು) ವೆಬ್‌ಆ್ಯಪ್ಸ್ ಫೋಲ್ಡರಿನಲ್ಲಿಟ್ಟೆ. ಟಾಮ್‌ಕ್ಯಾಟ್‌ನ ಸ್ವಾಗತ ಪುಟ ಬರುತ್ತದೆ. ಜಿಯೋಸರ್ವರ್ ವಿಳಾಸಕ್ಕೆ ಹೋದರೆ 404, ಅಂದರೆ ಪುಟ ಸಿಗಲಿಲ್ಲ, ಎನ್ನುತ್ತದೆ. ಗೆಳೆಯರೊಬ್ಬರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದೇ ಫೈಲುಗಳನ್ನು ಹಾಕಿದಾಗ ನಕ್ಷೆ ಮೂಡಿತು, ಆದರೆ ಊರುಗಳ ಕನ್ನಡ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಬಂದವು. ಎಲ್ಲಿ ತಪ್ಪಿದ್ದೇನೆ?

ಉತ್ತರ: ಮಾನ್ಯರೆ, ಎರಡು ತೊಂದರೆಗಳೂ ನಿಮ್ಮ ಅಜಾಗರೂಕತೆಯಿಂದ ಬಂದವಲ್ಲ. ಮೊದಲನೆಯದು ಟಾಮ್‌ಕ್ಯಾಟ್‌ನ ಆವೃತ್ತಿಗೆ ಸಂಬಂಧಿಸಿದ್ದು, ಎರಡನೆಯದು ಶೇಪ್‌ಫೈಲ್ ಎಂಬ ಹಳೆಯ ರಚನೆಯ ಮಿತಿಗೆ ಸಂಬಂಧಿಸಿದ್ದು.

ಉಬುಂಟು 24.04ರಲ್ಲಿ ಎಪಿಟಿ ಕೊಡುವುದು ಟಾಮ್‌ಕ್ಯಾಟ್ 10. ಜಿಯೋಸರ್ವರ್‌ನ 2ರ ಸಾಲಿನ ಆವೃತ್ತಿಗಳು ಯಾವುವೂ ಅದರಲ್ಲಿ ಏಳುವುದಿಲ್ಲ. ಅವಕ್ಕೆ ಬೇಕಾದದ್ದು ಟಾಮ್‌ಕ್ಯಾಟ್ 9. ಒಂದು ಅಂಕಿಯ ವ್ಯತ್ಯಾಸಕ್ಕೆ ಇಷ್ಟೊಂದು ರಂಪವೇಕೆ ಎಂದು ನಿಮಗೆ ಅನ್ನಿಸಬಹುದು. ಜಾವಾದಲ್ಲಿ ವೆಬ್ ತಂತ್ರಾಂಶಗಳನ್ನು ಬರೆಯುವಾಗ ಬಳಸುವ ಮೂಲ ಪ್ಯಾಕೇಜುಗಳ ಹೆಸರು ಬಹುಕಾಲ ‘ಜಾವಾಎಕ್ಸ್’ ಎಂದು ಆರಂಭವಾಗುತ್ತಿತ್ತು. 2017ರಲ್ಲಿ ಒರಾಕಲ್ ಸಂಸ್ಥೆ ಈ ಭಾಗವನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಿತು. ಆದರೆ ಜಾವಾ ಎಂಬ ಹೆಸರಿನ ಹಕ್ಕು ಒರಾಕಲ್‌ನ ಬಳಿಯೇ ಉಳಿದ ಕಾರಣ, 2020ರಲ್ಲಿ ಆ ಪ್ಯಾಕೇಜುಗಳೆಲ್ಲ ‘ಜಕಾರ್ತಾ’ ಎಂಬ ಹೊಸ ಹೆಸರು ಪಡೆದವು. ಟಾಮ್‌ಕ್ಯಾಟ್ 9 ಹಳೆಯ ಹೆಸರನ್ನು ಬಲ್ಲದು, ಟಾಮ್‌ಕ್ಯಾಟ್ 10 ಹೊಸದನ್ನು ಮಾತ್ರ ಬಲ್ಲದು. ಮದುವೆಯಾದ ಮೇಲೆ ಮನೆಯ ಹೆಸರು ಬದಲಾದವರನ್ನು ಹಳೆಯ ಹೆಸರಿನಿಂದ ಕೇಳಿಕೊಂಡು ಹೊರಟ ಅಂಚೆಯವನಂತೆ, ನಿಮ್ಮ ವಾರ್ ಫೈಲು ಹಳೆಯ ಹೆಸರಿನ ಪ್ಯಾಕೇಜನ್ನು ಹುಡುಕುತ್ತದೆ, ಸಿಗದೆ ಆರಂಭದಲ್ಲಿಯೇ ನಿಲ್ಲುತ್ತದೆ. ಟಾಮ್‌ಕ್ಯಾಟ್ ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ. ಸ್ವಾಗತ ಪುಟ ಬಂದೂ ಜಿಯೋಸರ್ವರ್‌ಗೆ 404 ಬರುವುದು ಇದರಿಂದಲೇ. ಹಳೆಯ ವಾರ್ ಫೈಲನ್ನು ಹೊಸ ಹೆಸರಿಗೆ ಪರಿವರ್ತಿಸುವ ಉಪಕರಣವೊಂದನ್ನು ಟಾಮ್‌ಕ್ಯಾಟ್ ಬಳಗದವರೇ ಕೊಡುತ್ತಾರೆ. ಚಿಕ್ಕ ತಂತ್ರಾಂಶಕ್ಕೆ ಅದು ಸಾಕು, ಜಾರ್ ಎಂಬ ನೂರಾರು ಜಾವಾ ಫೈಲುಗಳನ್ನು ಹೊತ್ತ ಜಿಯೋಸರ್ವರ್‌ಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಟಾಮ್‌ಕ್ಯಾಟ್ 9 ಅನ್ನು ಅಪಾಚೆ ಪ್ರತಿಷ್ಠಾನದ ತಾಣದಿಂದ ನೇರವಾಗಿ ಇಳಿಸಿಕೊಂಡು ಹಾಕುವುದು ಒಂದು ದಾರಿ. ಅದೇ ಯಂತ್ರದಲ್ಲಿ ಬೇರೆ ಜಾವಾ ತಂತ್ರಾಂಶಗಳೂ ಓಡಬೇಕಿದ್ದರೆ ಅದು ಸೂಕ್ತ. ನಿಮ್ಮ ಪ್ರಯೋಗಾಲಯಕ್ಕೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಜಿಯೋಸರ್ವರ್‌ನವರು ‘ಪ್ಲಾಟ್‌ಫಾರ್ಮ್ ಇಂಡಿಪೆಂಡೆಂಟ್ ಬೈನರಿ’ ಎಂಬ ಹೆಸರಿನ ಜಿಪ್ ಫೈಲನ್ನೂ ಕೊಡುತ್ತಾರೆ. ಅದರೊಳಗೆ ಜೆಟ್ಟಿ ಎಂಬ ಚಿಕ್ಕ ವೆಬ್ ಸರ್ವರ್ ಮೊದಲೇ ಜೋಡಿಸಿರುತ್ತದೆ ಮತ್ತು ಅದರ ಆವೃತ್ತಿ ಜಿಯೋಸರ್ವರ್‌ಗೆ ಹೊಂದುವಂಥದ್ದೇ ಆಗಿರುತ್ತದೆ. ಹಾಕಿರುವ ಟಾಮ್‌ಕ್ಯಾಟ್ 10 ಅನ್ನು ತೆಗೆದುಹಾಕಿ, ಅಥವಾ ಕನಿಷ್ಠ ನಿಲ್ಲಿಸಿ. ಜೆಟ್ಟಿಯೂ ಅದೂ 8080 ಎಂಬ ಒಂದೇ ಪೋರ್ಟಿಗೆ ಜಗಳವಾಡುತ್ತವೆ.

ಮೊದಲು ಜಾವಾ. ಉಬುಂಟು 24.04ರಲ್ಲಿ ಸುಮ್ಮನೆ ಜಾವಾ ಕೇಳಿದರೆ 21ನೇ ಆವೃತ್ತಿ ಬರುತ್ತದೆ. 2ರ ಸಾಲಿನ ಇತ್ತೀಚಿನ ಜಿಯೋಸರ್ವರ್‌ಗಳಿಗೆ ಓಪನ್‌ಜೆಡಿಕೆ 17 ನಿಶ್ಚಿಂತವಾದ ಆಯ್ಕೆ. ಅದನ್ನು ಹೆಸರು ಹಿಡಿದು ಕೇಳಿ ಹಾಕಿಕೊಳ್ಳಿ. ಎರಡೂ ಆವೃತ್ತಿಗಳು ಒಂದೇ ಯಂತ್ರದಲ್ಲಿದ್ದರೆ ಬಾಧಕವಿಲ್ಲ, ಜಾವಾ_ಹೋಮ್ ಎಂಬ ವೇರಿಯಬಲ್ 17ರ ಫೋಲ್ಡರನ್ನು ತೋರಿಸುತ್ತಿದ್ದರಾಯಿತು.

ನಂತರ ಜಿಯೋಸರ್ವರ್‌ಗೆಂದೇ ಲಾಗಿನ್ ಇಲ್ಲದ ಒಬ್ಬ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ. ಜಿಪ್ ಫೈಲನ್ನು /ಆಪ್ಟ್ ಫೋಲ್ಡರಿನ ಕೆಳಗೆ ಜಿಯೋಸರ್ವರ್ ಎಂಬ ಫೋಲ್ಡರಿನಲ್ಲಿ ಬಿಚ್ಚಿ, ಅದರ ಒಡೆತನವನ್ನು ಆ ಬಳಕೆದಾರನಿಗೆ ವರ್ಗಾಯಿಸಿ. ಸುಡೋ ಆಜ್ಞೆ ಬಳಸಿ ಬಿಚ್ಚಿದ ಫೈಲುಗಳೆಲ್ಲ ರೂಟ್ ಎಂಬ ಮುಖ್ಯ ಬಳಕೆದಾರನ ಒಡೆತನದಲ್ಲಿರುತ್ತವೆ; ಒಡೆತನ ಬದಲಿಸಲು ಮರೆತರೆ ಜಿಯೋಸರ್ವರ್ ತನ್ನ ಲಾಗ್ ಫೈಲನ್ನು ಸಹ ಬರೆಯಲಾಗದೆ ಏನೂ ಹೇಳದೆ ಸಾಯುತ್ತದೆ. ಇದಾದ ಮೇಲೆ ಬಿನ್ ಫೋಲ್ಡರಿನಲ್ಲಿರುವ ಸ್ಟಾರ್ಟಪ್ ಸ್ಕ್ರಿಪ್ಟನ್ನು ಅದೇ ಬಳಕೆದಾರನ ಹೆಸರಿನಲ್ಲಿ ಒಮ್ಮೆ ಕೈಯಾರೆ ಓಡಿಸಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್‌ನ 8080ನೇ ಪೋರ್ಟಿನಲ್ಲಿ ಜಿಯೋಸರ್ವರ್ ಪುಟ ತೆರೆಯುತ್ತದೆಯೇ ನೋಡಿ. ಮಾದರಿಯಾಗಿ ಅಮೆರಿಕದ ರಾಜ್ಯಗಳ ನಕ್ಷೆಯೂ ಟಾಸ್ಮೇನಿಯಾದ ನಕ್ಷೆಯೂ ಇರುತ್ತವೆ. ಅಲ್ಲಿಗೆ ಅನುಸ್ಥಾಪನೆ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಆರಂಭವಾಗುವುದೇ ಅಲ್ಲಿಂದ.

ಜಿಯೋಸರ್ವರ್‌ನಲ್ಲಿ ತಂತ್ರಾಂಶ ಬೇರೆ, ನೀವು ಮಾಡುವ ಕೆಲಸ ಬೇರೆ. ನೀವು ಸೇರಿಸುವ ನಕ್ಷೆಯ ಪ್ರತಿ ಪದರ, ಅದು ಹೇಗೆ ಕಾಣಬೇಕೆಂದು ಬರೆಯುವ ಪ್ರತಿ ಸ್ಟೈಲ್, ಬಳಕೆದಾರರ ಪಾಸ್‌ವರ್ಡುಗಳು ಎಲ್ಲವೂ ಡೇಟಾ ಡೈರೆಕ್ಟರಿ ಎಂಬ ಒಂದು ಫೋಲ್ಡರಿನೊಳಗೆ ಎಕ್ಸ್‌ಎಂಎಲ್ ಮೊದಲಾದ ಸರಳ ಫೈಲುಗಳಾಗಿ ಕುಳಿತಿರುತ್ತವೆ. ಪೂರ್ವನಿಯೋಜಿತವಾಗಿ ಈ ಫೋಲ್ಡರು ತಂತ್ರಾಂಶದ ಹೊಟ್ಟೆಯೊಳಗೇ ಇರುತ್ತದೆ. ಹಲವು ವರ್ಷಗಳ ಹಿಂದೆ ಕಲಬುರಗಿಯ ಕಚೇರಿಯೊಂದಕ್ಕೆ ನಾನು ಟಾಮ್‌ಕ್ಯಾಟ್‌ನಲ್ಲಿ ಜಿಯೋಸರ್ವರ್ ಹಾಕಿಕೊಟ್ಟಿದ್ದೆ. ಬೆಣ್ಣೆತೊರಾ ಮತ್ತು ಕಾಗಿಣಾ ನದಿಗಳ ಜಲಾನಯನದ ಪದರಗಳಿಗೆ ಮೂರು ವಾರ ಕುಳಿತು ಸ್ಟೈಲ್ ಬರೆದಿದ್ದೆವು. ಹೊಸ ಆವೃತ್ತಿ ಬಂತೆಂದು ಹಳೆಯ ವಾರ್ ಫೈಲನ್ನು ಅಳಿಸಿ ಹೊಸದನ್ನು ಇಟ್ಟೆ. ವಾರ್ ಅಳಿಸಿದ ಕೂಡಲೇ ಟಾಮ್‌ಕ್ಯಾಟ್ ತಾನು ಬಿಚ್ಚಿಟ್ಟಿದ್ದ ಇಡೀ ಫೋಲ್ಡರನ್ನೂ ಅಳಿಸುತ್ತದೆ. ಅದರೊಳಗಿದ್ದ ಡೇಟಾ ಡೈರೆಕ್ಟರಿಯೂ ಹೋಯಿತು. ಟಾಮ್‌ಕ್ಯಾಟ್ ತನ್ನ ನಿಯಮದಂತೆಯೇ ನಡೆದುಕೊಂಡಿತ್ತು. ಡೇಟಾ ಡೈರೆಕ್ಟರಿಯನ್ನು ಹೊರಗಿಡದೇ ಇದ್ದದ್ದು ನನ್ನ ತಪ್ಪು. ಆ ಸ್ಟೈಲ್‌ಗಳನ್ನು ಮತ್ತೆ ಬರೆಯಲು ಇನ್ನೊಂದು ತಿಂಗಳು ಹಿಡಿಯಿತು.

ಆದ್ದರಿಂದ ಒಂದೇ ಒಂದು ಪದರವನ್ನು ಸೇರಿಸುವ ಮೊದಲೇ, ಒಳಗಿನ ಡೇಟಾ ಡೈರೆಕ್ಟರಿಯನ್ನು ಬೇರೆ ಜಾಗಕ್ಕೆ, ಉದಾಹರಣೆಗೆ /ವರ್ ಕೆಳಗಿನ ಜಿಯೋಡೇಟಾ ಎಂಬ ಫೋಲ್ಡರಿಗೆ, ನಕಲಿಸಿ ಅದರ ಒಡೆತನವನ್ನೂ ಜಿಯೋಸರ್ವರ್ ಬಳಕೆದಾರನಿಗೆ ಕೊಡಿ. ಬಳಿಕ ಜಿಯೋಸರ್ವರ್_ಡೇಟಾ_ಡಿರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಆ ದಾರಿಯನ್ನು ಸೂಚಿಸಿ. ಇದನ್ನು ಟರ್ಮಿನಲ್ ತೆರೆದಾಗ ಓದಿಕೊಳ್ಳುವ ನಿಮ್ಮ ಬ್ಯಾಷ್‌ಆರ್‌ಸಿ ಫೈಲಿನಲ್ಲಿ ಬರೆದರೆ ಕೈಯಾರೆ ಓಡಿಸಿದಾಗ ಮಾತ್ರ ಕೆಲಸ ಮಾಡುತ್ತದೆ. ಯಂತ್ರ ತಾನಾಗಿ ಆರಂಭಿಸಿದಾಗ, ಆ ಕೆಲಸ ನೋಡಿಕೊಳ್ಳುವ ಸಿಸ್ಟಮ್‌ಡಿ ಆ ಫೈಲಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನಿನ್ನೆ ಸೇರಿಸಿದ ಪದರಗಳು ಇಂದು ಯಂತ್ರ ಹಾಕಿದರೆ ಮಾಯವಾಗಿವೆ ಎಂದು ಗಾಬರಿಯಿಂದ ಕೇಳುವವರಲ್ಲಿ ಹೆಚ್ಚಿನವರ ಕಥೆ ಇದೇ: ಅವರಿಗೆ ಗೊತ್ತಿಲ್ಲದೆ ಎರಡು ಡೇಟಾ ಡೈರೆಕ್ಟರಿಗಳು ನಡೆಯುತ್ತಿರುತ್ತವೆ. ಲಾಗಿನ್ ಆಗಿ ಸರ್ವರ್ ಸ್ಟೇಟಸ್ ಪುಟ ತೆರೆದರೆ ಯಾವ ಡೈರೆಕ್ಟರಿ ಬಳಕೆಯಲ್ಲಿದೆ ಎಂಬುದು ಮೊದಲ ಸಾಲುಗಳಲ್ಲಿಯೇ ಕಾಣುತ್ತದೆ.

ಸಿಸ್ಟಮ್‌ಡಿಗೆ ಒಂದು ಪುಟ್ಟ ಸರ್ವಿಸ್ ಫೈಲನ್ನು ಬರೆದುಕೊಳ್ಳಿ. ಅದರಲ್ಲಿ ಯಾವ ಬಳಕೆದಾರನ ಹೆಸರಿನಲ್ಲಿ ಓಡಬೇಕು, ಜಾವಾ_ಹೋಮ್ ಯಾವುದು, ಡೇಟಾ ಡೈರೆಕ್ಟರಿ ಎಲ್ಲಿದೆ, ಯಾವ ಸ್ಕ್ರಿಪ್ಟಿನಿಂದ ಆರಂಭ, ಬಿದ್ದರೆ ಮತ್ತೆ ಎಬ್ಬಿಸಬೇಕೆ ಎಂಬಿಷ್ಟು ಸಾಲುಗಳು ಸಾಕು. ಜಾವಾವನ್ನು ಕ್ರಮಬದ್ಧವಾಗಿ ನಿಲ್ಲಿಸಿದಾಗಲೂ ಅದು 143 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ, ಸಿಸ್ಟಮ್‌ಡಿ ಅದನ್ನು ವೈಫಲ್ಯವೆಂದು ಕೆಂಪಕ್ಷರದಲ್ಲಿ ತೋರಿಸುತ್ತದೆ. 143 ಅನ್ನು ಯಶಸ್ವಿ ನಿರ್ಗಮನವೆಂದು ಎಣಿಸುವಂತೆ ಒಂದು ಸಾಲು ಸೇರಿಸಿದರೆ ಈ ಸುಳ್ಳು ಎಚ್ಚರಿಕೆ ನಿಲ್ಲುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗಿ ಬರುವುದನ್ನು ನೆನೆದರೆ, ಯಂತ್ರ ಎದ್ದೊಡನೆ ಜಿಯೋಸರ್ವರ್ ತಾನಾಗಿ ಏಳುವಂತೆ ಮಾಡಿಡುವುದು ಯಾದಗಿರಿಯಂಥ ಊರಿನಲ್ಲಿ ಸೌಕರ್ಯವಲ್ಲ, ಅಗತ್ಯ. ಯುಪಿಎಸ್ ಇಲ್ಲದ ಯಂತ್ರದಲ್ಲಂತೂ ಡೇಟಾ ಡೈರೆಕ್ಟರಿಯ ನಕಲನ್ನು ಪ್ರತಿ ರಾತ್ರಿ ಬೇರೊಂದು ಡಿಸ್ಕಿಗೆ ತೆಗೆದಿಡಿ. ಇಡೀ ಫೋಲ್ಡರನ್ನು ನಕಲಿಸಿದರೆ ಸಾಕು, ಬೇರೆ ವಿಧಾನವೇನೂ ಬೇಡ.

ಮೆಮೊರಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಏನೂ ಹೇಳದಿದ್ದರೆ ಜಾವಾ ಯಂತ್ರದ ಮೆಮೊರಿಯ ಸುಮಾರು ನಾಲ್ಕನೇ ಒಂದು ಭಾಗವನ್ನು ಗರಿಷ್ಠ ಮಿತಿಯಾಗಿ ಇಟ್ಟುಕೊಳ್ಳುತ್ತದೆ. ನಿಮ್ಮ 8 ಜಿಬಿಯಲ್ಲಿ ಅದು 2 ಜಿಬಿ ಆಗುತ್ತದೆ, ಒಂದು ಜಿಲ್ಲೆಯ ಗ್ರಾಮಗಡಿಗಳಿಗೆ ಧಾರಾಳವಾಯಿತು.

ಇನ್ನು ಕನ್ನಡ ಹೆಸರುಗಳು. ಇಂಗ್ಲಿಷ್ ಕೈಪಿಡಿಗಳಲ್ಲಿ ಇದಕ್ಕೆ ಹೆಚ್ಚು ಜಾಗ ಸಿಗುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಕ್ಷೆಯಲ್ಲಿ ಕನ್ನಡ ಕೆಡುವುದು ಬೇರೆ ಬೇರೆ ಕಾರಣಗಳಿಂದ, ಪ್ರತಿಯೊಂದರ ಲಕ್ಷಣವೂ ಬೇರೆ. ಲಕ್ಷಣ ನೋಡದೆ ಮದ್ದು ಹುಡುಕಿದರೆ ದಿನಗಳು ಹೋಗುತ್ತವೆ.

ನಿಮಗೆ ಕಂಡದ್ದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು. ಶೇಪ್‌ಫೈಲಿನಲ್ಲಿ ಹೆಸರುಗಳು ಇರುವುದು ಡಿಬಿಎಫ್ ಎಂಬ ಫೈಲಿನೊಳಗೆ. ಅದರಲ್ಲಿರುವ ಬರಹ ಯಾವ ಸಂಕೇತದಲ್ಲಿದೆ ಎಂಬುದನ್ನು ಜಿಯೋಸರ್ವರ್ ತಾನಾಗಿ ಊಹಿಸುವುದಿಲ್ಲ. ನೀವು ಹೇಳದಿದ್ದರೆ ಐಎಸ್‌ಒ 8859-1 ಎಂಬ ಪಶ್ಚಿಮ ಯುರೋಪಿನ ಸಂಕೇತವೆಂದು ಓದುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟುಗಳು, ಆ ಮೂರನ್ನೂ ಅದು ಮೂರು ಬೇರೆ ಅಕ್ಷರಗಳೆಂದು ತಿಳಿಯುತ್ತದೆ. ಸ್ಟೋರ್ (ದತ್ತಾಂಶದ ಮೂಲ) ಸೇರಿಸುವ ಪುಟದಲ್ಲಿಯೇ ಡಿಬಿಎಫ್ ಸಂಕೇತ ಆರಿಸುವ ಪಟ್ಟಿ ಇದೆ. ಅಲ್ಲಿ ಯುಟಿಎಫ್-8 ಆರಿಸಿ ಉಳಿಸಿ. ಇದು ಸರಿಹೋದರೆ ದತ್ತಾಂಶ ಯೂನಿಕೋಡ್‌ನಲ್ಲಿದೆ ಎಂದರ್ಥ. ಸರಿಹೋಗದೆ, ಬೇರೊಂದು ಬಗೆಯ ಲ್ಯಾಟಿನ್ ಅಕ್ಷರಗಳೇ ಉಳಿದರೆ, ಹೆಸರುಗಳನ್ನು ಯಾರೋ ಹಿಂದೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಿಸಿರಬೇಕು. ಹಳೆಯ ಕಚೇರಿ ಕಡತಗಳಿಂದ ಬಂದ ಪಟ್ಟಿಗಳಲ್ಲಿ ಇದು ಬಹಳ ಸಾಮಾನ್ಯ. ಅದಕ್ಕೆ ಜಿಯೋಸರ್ವರ್‌ನಲ್ಲಿ ಯಾವ ಮದ್ದೂ ಇಲ್ಲ; ಆ ಕಾಲಮ್ಮನ್ನು ಹೊರತೆಗೆದು ಯೂನಿಕೋಡ್‌ಗೆ ಪರಿವರ್ತಿಸಿಯೇ ಮತ್ತೆ ಜೋಡಿಸಬೇಕು.

ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಮೊದಲಾದ ಕನ್ನಡ ಅಕ್ಷರಗಳಿರುವ ಫಾಂಟುಗಳು ಮೊದಲೇ ಇರುವುದರಿಂದ, ಸಂಕೇತ ಸರಿಪಡಿಸಿದ ಮೇಲೆ ನಿಮ್ಮ ಗೆಳೆಯರ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದೇ ಪದರವನ್ನು ಉಬುಂಟುವಿಗೆ ತಂದರೆ ಹೆಸರುಗಳ ಜಾಗದಲ್ಲಿ ಚೌಕಗಳು ಮೂಡಬಹುದು. ಚೌಕ ಬಂತೆಂದರೆ ಬರಹ ಸರಿಯಿದೆ, ಫಾಂಟ್ ಇಲ್ಲ ಎಂದು ತಿಳಿಯಿರಿ. ನಕ್ಷೆಯ ಚಿತ್ರ ತಯಾರಾಗುವುದು ಸರ್ವರಿನಲ್ಲಿ, ಆದ್ದರಿಂದ ಫಾಂಟ್ ಇರಬೇಕಾದದ್ದೂ ಅಲ್ಲಿಯೇ. ವಿದ್ಯಾರ್ಥಿಗಳ ಯಂತ್ರಗಳಲ್ಲಿ ಎಷ್ಟು ಕನ್ನಡ ಫಾಂಟುಗಳಿದ್ದರೂ ಪ್ರಯೋಜನವಿಲ್ಲ. ಎಪಿಟಿಯಲ್ಲಿ ಕನ್ನಡ ಫಾಂಟುಗಳ ಒಂದು ಕಟ್ಟು ದೊರೆಯುತ್ತದೆ, ಅದರಲ್ಲಿ ಲೋಹಿತ್ ಕನ್ನಡ, ಗುಬ್ಬಿ ಮತ್ತು ನವಿಲು ಇವೆ. ನೋಟೋ ಸಾನ್ಸ್ ಕನ್ನಡವನ್ನೂ ಹಾಕಿಕೊಳ್ಳಬಹುದು, ಚಿಕ್ಕ ಗಾತ್ರದಲ್ಲಿ ಓದಲು ನನಗೆ ಅದೇ ಹಿಡಿಸುತ್ತದೆ. ಡೆಸ್ಕ್‌ಟಾಪ್ ಇಲ್ಲದ ಬರಿಯ ಸರ್ವರ್ ಉಬುಂಟುವಾದರೆ ಫಾಂಟುಗಳನ್ನು ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಪ್ಯಾಕೇಜೂ ಇದೆಯೇ ನೋಡಿ. ಜಾವಾ ಫಾಂಟುಗಳ ಪಟ್ಟಿಯನ್ನು ಆರಂಭದಲ್ಲಿ ಓದಿಕೊಳ್ಳುವುದರಿಂದ ಜಿಯೋಸರ್ವರ್‌ ಅನ್ನು ಒಮ್ಮೆ ನಿಲ್ಲಿಸಿ ಆರಂಭಿಸಬೇಕು. ಆಮೇಲೆ ಸರ್ವರ್ ಸ್ಟೇಟಸ್ ಪುಟದಲ್ಲಿ ಲಭ್ಯ ಫಾಂಟುಗಳ ಪಟ್ಟಿ ತೆರೆದು, ಅಲ್ಲಿ ಹೆಸರು ಹೇಗೆ ಬರೆದಿದೆಯೋ ಹಾಗೆಯೇ, ಒಂದು ಖಾಲಿ ಜಾಗವೂ ತಪ್ಪದಂತೆ, ನಿಮ್ಮ ಸ್ಟೈಲಿನ ಎಸ್‌ಎಲ್‌ಡಿ ಎಂಬ ಫೈಲಿನ ಫಾಂಟ್-ಫ್ಯಾಮಿಲಿ ಸಾಲಿನಲ್ಲಿ ಬರೆಯಿರಿ. ಹೆಸರು ಹೊಂದದಿದ್ದರೆ ಜಿಯೋಸರ್ವರ್ ತನ್ನದೇ ಫಾಂಟನ್ನು ಬಳಸುತ್ತದೆ, ಮತ್ತೆ ಚೌಕಗಳೇ.

ಊರ ಹೆಸರು ಅರ್ಧಕ್ಕೆ ತುಂಡಾಗುವುದು ಇನ್ನೊಂದು ಲಕ್ಷಣ. ಡಿಬಿಎಫ್‌ನಲ್ಲಿ ಕಾಲಮ್ಮಿನ ಉದ್ದವನ್ನು ಬೈಟುಗಳಲ್ಲಿ ಎಣಿಸಲಾಗುತ್ತದೆ. ‘ಗುರುಮಠಕಲ್’ ಎಂಬ ಹೆಸರಿನಲ್ಲಿ ಯೂನಿಕೋಡ್ ಲೆಕ್ಕದಂತೆ 9 ಚಿಹ್ನೆಗಳಿವೆ, ಅಂದರೆ 27 ಬೈಟುಗಳು. ಕಾಲಮ್ಮಿನ ಉದ್ದ 20 ಎಂದಿದ್ದರೆ ಕೊನೆಯ ಭಾಗ ಕತ್ತರಿಸಿಹೋಗುತ್ತದೆ. ಕಾಲಮ್ಮಿನ ಹೆಸರಿಗಂತೂ 10 ಬೈಟುಗಳ ಮಿತಿ ಇದೆ, ‘ಗ್ರಾಮ’ ಎಂಬ ಪದವೇ 15 ಬೈಟು ತಿನ್ನುವುದರಿಂದ ಅದೂ ಅಲ್ಲಿ ಹಿಡಿಸುವುದಿಲ್ಲ. ಇಷ್ಟೆಲ್ಲ ಕಟ್ಟುಪಾಡುಗಳೊಡನೆ ಹೆಣಗುವುದಕ್ಕಿಂತ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಿಮ್ಮ ಶೇಪ್‌ಫೈಲ್‌ಗಳನ್ನು ತೆರೆದು ಜಿಯೋಪ್ಯಾಕೇಜ್ ರೂಪದಲ್ಲಿ ಉಳಿಸಿ, ಅದನ್ನೇ ಜಿಯೋಸರ್ವರ್‌ಗೆ ಕೊಡಿ ಎಂಬುದು ನನ್ನ ಖಚಿತ ಸಲಹೆ. ಅದು ಒಂದೇ ಫೈಲು, ಬರಹ ಯೂನಿಕೋಡ್, ಉದ್ದದ ಈ ಮಿತಿಗಳಿಲ್ಲ. ಹಲವರು ಏಕಕಾಲಕ್ಕೆ ತಿದ್ದುವ ದತ್ತಾಂಶವಾದರೆ ಮಾತ್ರ ಪೋಸ್ಟ್‌ಜಿಐಎಸ್ ಎಂಬ ಡೇಟಾಬೇಸ್‌ವರೆಗೆ ಹೋಗಿ.

ಪದರ ಪ್ರಕಟಿಸುವಾಗ ನಿರ್ದೇಶಾಂಕ ವ್ಯವಸ್ಥೆಯನ್ನು ಕೇಳುತ್ತದೆ. ಭೂಮಿಯನ್ನು ವಲಯಗಳಾಗಿ ಹಂಚುವ ಯುಟಿಎಂ ಪದ್ಧತಿಯಲ್ಲಿ 43ನೇ ವಲಯ ಪೂರ್ವ ರೇಖಾಂಶ 72ರಿಂದ 78ರವರೆಗೆ. ಯಾದಗಿರಿ, ಕಲಬುರಗಿ, ಬೀದರ್ ಮೂರೂ ಅದರೊಳಗೇ ಬರುತ್ತವೆ, ನಿರ್ದೇಶಾಂಕ ವ್ಯವಸ್ಥೆಗಳ ಇಪಿಎಸ್‌ಜಿ ಎಂಬ ಪಟ್ಟಿಯಲ್ಲಿ ಅದರ ಸಂಖ್ಯೆ 32643. ಪಕ್ಕದ ಹೈದರಾಬಾದ್ ಮಾತ್ರ 78 ದಾಟಿ 44ನೇ ವಲಯಕ್ಕೆ ಸೇರುತ್ತದೆ. ಹೈದರಾಬಾದಿನಲ್ಲಿ ತರಬೇತಿ ಪಡೆದು ಬಂದವರು ಅಭ್ಯಾಸಬಲದಿಂದ 32644 ಎಂದು ಬರೆದದ್ದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ನಕ್ಷೆ 6 ಡಿಗ್ರಿ ಪೂರ್ವಕ್ಕೆ ಜರುಗಿ, ಭೀಮಾ ತೀರದ ಯಾದಗಿರಿ ಕಾಕಿನಾಡದ ಆಚೆ ಬಂಗಾಳ ಕೊಲ್ಲಿಯಲ್ಲಿ ತೇಲುತ್ತದೆ. ಫೈಲು ಅಕ್ಷಾಂಶ ರೇಖಾಂಶಗಳಲ್ಲಿಯೇ ಇದ್ದರೆ ಇಪಿಎಸ್‌ಜಿ 4326 ಎಂದು ಬರೆಯಿರಿ. ಬಳಿಕ ಅದೇ ಪುಟದಲ್ಲಿ ಎರಡೂ ಗಡಿಚೌಕಗಳನ್ನು ಲೆಕ್ಕ ಹಾಕುವ ಕೊಂಡಿಗಳನ್ನು ಒತ್ತುವುದನ್ನು ಮರೆಯಬೇಡಿ, ಅವು ಖಾಲಿಯಿದ್ದರೆ ಪದರ ಉಳಿಯುವುದಿಲ್ಲ. ಸರ್ವರಿನಿಂದ ನಕ್ಷೆಯ ಚಿತ್ರ ಕೇಳುವ ಡಬ್ಲ್ಯುಎಂಎಸ್ ಎಂಬ ಪದ್ಧತಿಯ ಆವೃತ್ತಿ 1.1.1ರಲ್ಲಿ 4326ಕ್ಕೆ ರೇಖಾಂಶ ಮೊದಲು, 1.3.0ರಲ್ಲಿ ಅಕ್ಷಾಂಶ ಮೊದಲು. ವೆಬ್ ಪುಟದಲ್ಲಿ ವಿಳಾಸವನ್ನು ಕೈಯಿಂದ ಬರೆದಾಗ ನಕ್ಷೆ ಬರಿದಾಗಿ ಬಂದರೆ ಮೊದಲು ಇದನ್ನು ಪರೀಕ್ಷಿಸಿ.

ಪ್ರಯೋಗಾಲಯದ ಉಳಿದ ಯಂತ್ರಗಳಿಂದ ನೋಡಲು ಸರ್ವರಿನ ಐಪಿ ವಿಳಾಸ ಮತ್ತು 8080 ಸಾಕು. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಚಾಲೂ ಇದ್ದರೆ ಆ ಪೋರ್ಟನ್ನು ಕಾಲೇಜಿನ ಒಳಜಾಲಕ್ಕೆ ಮಾತ್ರ ತೆರೆಯಿರಿ. ಅಡ್ಮಿನ್ ಬಳಕೆದಾರನ ಆರಂಭಿಕ ಪಾಸ್‌ವರ್ಡ್ ಜಿಯೋಸರ್ವರ್ ಎಂದೇ ಇರುತ್ತದೆ, ಇದು ಜಗತ್ತಿಗೆಲ್ಲ ಗೊತ್ತು. ಅದನ್ನು ಮೊದಲ ದಿನವೇ ಬದಲಿಸಿ.

ಮುಂದೆಂದಾದರೂ ಇದನ್ನು ಅಂತರ್ಜಾಲಕ್ಕೆ ತೆರೆಯುವ ಯೋಚನೆ ಇದ್ದರೆ ಪಾಸ್‌ವರ್ಡ್ ಬದಲಿಸಿದಷ್ಟಕ್ಕೇ ಸುಮ್ಮನಾಗಬೇಡಿ. 2024ರಲ್ಲಿ ಬಯಲಾದ ಸಿವಿಇ-2024-36401 ಎಂಬ ದೋಷದಲ್ಲಿ, ಲಾಗಿನ್ ಇಲ್ಲದವರೂ ಒಂದು ವಿಶೇಷ ವಿನಂತಿಯನ್ನು ಕಳುಹಿಸಿ ಸರ್ವರಿನಲ್ಲಿ ತಮಗೆ ಬೇಕಾದ ಆಜ್ಞೆಯನ್ನು ಓಡಿಸಬಹುದಾಗಿತ್ತು. ಕ್ರಿಪ್ಟೋ ನಾಣ್ಯ ಅಗೆಯುವವರು ಅದನ್ನು ಚೆನ್ನಾಗಿಯೇ ಬಳಸಿಕೊಂಡರು. 2.23.6, 2.24.4 ಮತ್ತು 2.25.2ರಲ್ಲಿ ಅದನ್ನು ಮುಚ್ಚಲಾಯಿತು. ಪೆನ್‌ಡ್ರೈವಿನಲ್ಲಿ ಯಾರೋ ಕೊಟ್ಟ ಹಳೆಯ ಜಿಪ್ ಫೈಲನ್ನು ಬಳಸದೆ, ಈಗ ನಿರ್ವಹಣೆಯಲ್ಲಿರುವ ಆವೃತ್ತಿಯನ್ನೇ ಇಳಿಸಿಕೊಳ್ಳಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ. ಅಂತರ್ಜಾಲಕ್ಕೆ ಒಡ್ಡುವಾಗ ಜಿಯೋಸರ್ವರ್‌ನ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ಇಟ್ಟು, ಎಚ್‌ಟಿಟಿಪಿಎಸ್ ಅದರ ಕೈಗೆ ಕೊಡಿ, ಜಿಯೋಸರ್ವರ್‌ನ ಗ್ಲೋಬಲ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಬೇಸ್ ಯುಆರ್‌ಎಲ್ ತುಂಬಿ. ಹೀಗೆ ಮಾಡಿದ ಮೇಲೆ ಲಾಗಿನ್ ಅಥವಾ ಸೇವ್ ಒತ್ತಿದಾಗ ದೋಷಸಂದೇಶ ಬರತೊಡಗಿದರೆ ಅದು ಬೇರೆ ತಾಣಗಳಿಂದ ನುಸುಳುವ ವಿನಂತಿಗಳನ್ನು ತಡೆಯುವ ಸಿಎಸ್‌ಆರ್‌ಎಫ್ ಕಾವಲಿನ ಕೆಲಸವಿರಬಹುದು. ಜಿಯೋಸರ್ವರ್_ಸಿಎಸ್‌ಆರ್‌ಎಫ್_ವೈಟ್‌ಲಿಸ್ಟ್ ಎಂಬ ವೇರಿಯಬಲ್‌ನಲ್ಲಿ ನಿಮ್ಮ ಡೊಮೇನ್ ಹೆಸರನ್ನು ಸೇರಿಸಿದರೆ ದಾರಿ ಬಿಡುತ್ತದೆ. ಆ ಕಾವಲನ್ನೇ ತೆಗೆದುಹಾಕಿ ಎಂಬ ಸಲಹೆಯೂ ನಿಮ್ಮ ಕಣ್ಣಿಗೆ ಬೀಳಬಹುದು, ಅದನ್ನು ಒಪ್ಪಬೇಡಿ.

ಇಷ್ಟೆಲ್ಲ ಮಾಡಿದರೂ ಏಳದಿದ್ದರೆ ಡೇಟಾ ಡೈರೆಕ್ಟರಿಯ ಲಾಗ್ಸ್ ಫೋಲ್ಡರಿನಲ್ಲಿರುವ ಜಿಯೋಸರ್ವರ್ ಲಾಗ್ ಫೈಲನ್ನು, ಅದು ಹುಟ್ಟಿಯೇ ಇಲ್ಲವಾದರೆ ಸಿಸ್ಟಮ್‌ಡಿಯ ಜರ್ನಲನ್ನು ತೆರೆಯಿರಿ. ಜಾವಾದ ದೋಷಸಂದೇಶ ಪುಟಗಟ್ಟಲೆ ಇರುತ್ತದೆ, ಮೇಲಿನ ಸಾಲುಗಳನ್ನು ಓದಿ ಎದೆಗುಂದಬೇಡಿ. ‘ಕಾಸ್ಡ್ ಬೈ’ ಎಂದು ಆರಂಭವಾಗುವ ಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಲ್ಲಿ ಮೂಲ ಕಾರಣ ಇರುತ್ತದೆ. ಆ ಒಂದು ಸಾಲನ್ನೂ, ಜಾವಾ ಮತ್ತು ಜಿಯೋಸರ್ವರ್‌ಗಳ ಆವೃತ್ತಿಯ ಸಂಖ್ಯೆಗಳನ್ನೂ ಬರೆದು ಕಳುಹಿಸಿದರೆ ಮುಂದಿನದನ್ನು ನೋಡೋಣ.